ಗುವಾಮ್: ಯುದ್ಧ ಮುಗಿದರೂ ತೆರೆಯದ ಗೇಟು – ಪದೇ ಪದೇ ಕೇಳುವ ಪ್ರಶ್ನೆಗಳು

ಗುವಾಮ್ ಎಲ್ಲಿದೆ? ಅದು ಯಾವ ದೇಶಕ್ಕೆ ಸೇರಿದ್ದು?

ಪೆಸಿಫಿಕ್ ಸಾಗರದ ಪಶ್ಚಿಮ ಭಾಗದಲ್ಲಿ, ಮರಿಯಾನಾ ದ್ವೀಪಸಾಲಿನ ದಕ್ಷಿಣ ತುದಿಯಲ್ಲಿದೆ. ವಿಸ್ತೀರ್ಣ ಸುಮಾರು 549 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರಕ್ಕಿಂತ ಚಿಕ್ಕದು. 2020ರ ಜನಗಣತಿಯಂತೆ ಅಲ್ಲಿ ಒಂದೂವರೆ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಜನರಿದ್ದಾರೆ. ಮೂಲನಿವಾಸಿಗಳು ಚಮೋರೊ ಜನ. ಸಾವಿರಾರು ವರ್ಷಗಳಿಂದ ಅದು ಅವರ ನೆಲ.

ಮೊದಲು ಸ್ಪೇನ್ ಆಳಿತು. 1898ರಲ್ಲಿ ಸ್ಪೇನನ್ನು ಸೋಲಿಸಿ ಅಮೆರಿಕ ವಶಪಡಿಸಿಕೊಂಡಿತು. ನಡುವೆ ಎರಡೂವರೆ ವರ್ಷ ಜಪಾನ್ ಆಳಿತು. ಈಗ ಮತ್ತೆ ಅಮೆರಿಕ. ಗುವಾಮ್ ಅಮೆರಿಕದ ಒಂದು ರಾಜ್ಯವಲ್ಲ, ಆಡಳಿತಕ್ಕೆ ಒಳಪಟ್ಟ ಪ್ರದೇಶ. ಅಲ್ಲಿ ಹುಟ್ಟಿದವರು ಅಮೆರಿಕದ ಪ್ರಜೆಗಳು, ಆದರೆ ಅಲ್ಲೇ ವಾಸವಿದ್ದರೆ ಅಮೆರಿಕದ ಅಧ್ಯಕ್ಷರನ್ನು ಆರಿಸಲು ಅವರಿಗೆ ಮತವಿಲ್ಲ. ಅವರ ಪ್ರತಿನಿಧಿಯೊಬ್ಬರು ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ ಕುಳಿತಿರುತ್ತಾರೆ. ಸದನದಲ್ಲಿ ಮಸೂದೆ ಮತಕ್ಕೆ ಬಂದಾಗ ಅವರು ಮತ ಹಾಕುವಂತಿಲ್ಲ. ಮುಂದಿನ ಉತ್ತರಗಳನ್ನು ಓದುವಾಗ ಈ ಮಾತು ನೆನಪಿನಲ್ಲಿರಲಿ.

ಎರಡನೆಯ ಮಹಾಯುದ್ಧ ಗುವಾಮ್‌ಗೆ ಬಂದದ್ದು ಹೇಗೆ?

1941ರ ಡಿಸೆಂಬರ್ 8, ಮರಿಯಮ್ಮನವರ ಹಬ್ಬದ ದಿನ. ರಾಜಧಾನಿ ಹಗಾತ್ನಾದ ಇಗರ್ಜಿಯಲ್ಲಿ ಜನ ಪೂಜೆಗೆ ಸೇರಿದ್ದರು. ಹವಾಯಿಯಲ್ಲಿದ್ದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದು ಇನ್ನೂ ಕೆಲವು ಗಂಟೆಗಳಷ್ಟೇ ಕಳೆದಿದ್ದವು. ಅಷ್ಟರಲ್ಲಿ ಜಪಾನಿನ ವಿಮಾನಗಳು ತಮ್ಮ ವಶದಲ್ಲಿದ್ದ ಸೈಪಾನ್ ದ್ವೀಪದ ಕಡೆಯಿಂದ ಬಂದು ಬಾಂಬು ಸುರಿಸಿದವು. ಡಿಸೆಂಬರ್ 10ರಂದು ಸೇನೆ ದಡಕ್ಕಿಳಿಯಿತು. ಅದೇ ದಿನ ಅಮೆರಿಕದ ನೌಕಾಪಡೆಯ ಗವರ್ನರ್ ಜಾರ್ಜ್ ಮೆಕ್‌ಮಿಲಿನ್ ಶರಣಾದರು.

ಒಂದು ವಿಷಯ ಚಮೋರೊ ಮನೆಗಳಲ್ಲಿ ಇಂದಿಗೂ ಮರೆತುಹೋಗಿಲ್ಲ. ಯುದ್ಧ ಹತ್ತಿರ ಬರುತ್ತಿದೆ ಎಂಬುದು ನೌಕಾಪಡೆಗೆ ಗೊತ್ತಿತ್ತು. ಅಕ್ಟೋಬರ್‌ನಲ್ಲೇ ತನ್ನ ಸಿಬ್ಬಂದಿಯ ಹೆಂಡತಿ ಮಕ್ಕಳನ್ನು ಹಡಗು ಹತ್ತಿಸಿ ಕಳುಹಿಸಿತ್ತು. ದ್ವೀಪದ ಜನರನ್ನು ಅಲ್ಲೇ ಬಿಟ್ಟಿತು. ಕರಾವಳಿ ಕಾಯಲು ಫಿರಂಗಿಗಳೂ ಇರಲಿಲ್ಲ.

ಜಪಾನಿ ಆಳ್ವಿಕೆಯಲ್ಲಿ ಬದುಕು ಹೇಗಿತ್ತು?

ಮೊದಲು ಹೆಸರುಗಳು ಹೋದವು. ಗುವಾಮ್ 'ಓಮಿಯಾ ಜಿಮಾ' ಆಯಿತು, ಹಗಾತ್ನಾ 'ಅಕಾಶಿ' ಆಯಿತು. ಮಕ್ಕಳು ಜಪಾನಿ ಭಾಷೆ ಕಲಿಯಬೇಕಿತ್ತು. ದಾರಿಯಲ್ಲಿ ಸೈನಿಕ ಎದುರಾದರೆ ಸೊಂಟ ಬಾಗಿಸಿ ನಮಿಸಬೇಕಿತ್ತು. ಬಾಗಿದ್ದು ಸಾಲದು ಎನಿಸಿದರೆ ಕೆನ್ನೆಗೆ ಏಟು. ಆದರೂ ಮೊದಲ ಎರಡು ವರ್ಷ ಜನ ಹಳ್ಳಿಯ ತೋಟಗಳಿಗೆ ಸರಿದು ಹೇಗೋ ದಿನ ದೂಡಿದರು.

1944ರಲ್ಲಿ ಅಮೆರಿಕದ ಸೇನೆ ಹತ್ತಿರವಾಗುತ್ತಿದ್ದಂತೆ ಎಲ್ಲವೂ ಬಿಗಡಾಯಿಸಿತು. ಹೊಸ ಸೈನಿಕರ ದಂಡು ಬಂದಿಳಿಯಿತು. ಅವರ ಹೊಟ್ಟೆಗೆ ಭತ್ತ ಬೆಳೆದುಕೊಡಬೇಕು, ಅವರ ವಿಮಾನಗಳಿಗೆ ನಿಲ್ದಾಣ ಕಟ್ಟಿಕೊಡಬೇಕು, ಗುದ್ದಲಿ ಹಿಡಿದು ಸುರಂಗ ತೋಡಬೇಕು. ಹೆಂಗಸರು, ಹುಡುಗರು ಯಾರಿಗೂ ವಿನಾಯಿತಿಯಿರಲಿಲ್ಲ. ಅಮೆರಿಕದ ನೌಕಾಪಡೆಯ ಜಾರ್ಜ್ ಟ್ವೀಡ್ ಎಂಬಾತ ಕಾಡಿನಲ್ಲಿ ಅಡಗಿದ್ದ. ಅವನ ಸುಳಿವು ಕೇಳಿ ಎಷ್ಟೋ ಜನರನ್ನು ಹಿಂಸಿಸಲಾಯಿತು. ಫಾದರ್ ಹೆಸುಸ್ ಡುವೆನಾಸ್ ಎಂಬ ಚಮೋರೊ ಪಾದ್ರಿಯನ್ನು ಜುಲೈ 12ರಂದು ತಲೆ ಕಡಿದು ಕೊಂದರು. ಅಮೆರಿಕದ ಪಡೆ ದಡ ಸೇರಲು ಉಳಿದಿದ್ದದ್ದು ಒಂಬತ್ತೇ ದಿನ.

ಮನೆಂಗೊನ್ ಎಂಬ ಹೆಸರು ಎಲ್ಲ ಕಡೆ ಬರುತ್ತದೆ. ಅದೇನು?

ದ್ವೀಪದ ಮಧ್ಯಭಾಗದ ಯೊನಾ ಗ್ರಾಮದ ಹತ್ತಿರವಿರುವ ಒಂದು ಕಣಿವೆ. 1944ರ ಜುಲೈನಲ್ಲಿ ಜಪಾನಿ ಸೇನೆ ಹಳ್ಳಿ ಹಳ್ಳಿಗಳಿಂದ ಜನರನ್ನು ಎಬ್ಬಿಸಿ ನಡೆಸಿಕೊಂಡು ಹೋಗಿ ಸಾವಿರ ಸಾವಿರ ಲೆಕ್ಕದಲ್ಲಿ ಅಲ್ಲಿ ಕೂಡಿಹಾಕಿತು. ಆಗ ದ್ವೀಪದಲ್ಲಿದ್ದ ಚಮೋರೊ ಜನರೇ ಇಪ್ಪತ್ತು ಸಾವಿರದ ಆಸುಪಾಸು. ಅಂದರೆ ಒಂದಿಡೀ ಜನಾಂಗದ ಬಹುಪಾಲು ಹೀಗೆ ಶಿಬಿರ ಸೇರಿತು. ಮಳೆಗಾಲ. ಕೆಸರು. ಕೂಸುಗಳನ್ನು ಎತ್ತಿಕೊಂಡವರು, ಮುದುಕರನ್ನು ಬೆನ್ನ ಮೇಲೆ ಹೊತ್ತವರು. ಹಿಂದೆ ಬಿದ್ದವರಿಗೆ ಹೊಡೆತ, ಕೆಲವರಿಗೆ ಬಯೋನೆಟ್. ಕಣಿವೆಯಲ್ಲಿ ಸೂರಿಲ್ಲ, ಕಕ್ಕಸಿಲ್ಲ. ತೆಂಗಿನ ಗರಿಗಳನ್ನು ಓರೆಯಾಗಿ ನಿಲ್ಲಿಸಿ ಅದರಡಿ ಮಲಗಿದರು. ಒಂದೇ ಹೊಳೆಯಲ್ಲಿ ಕುಡಿಯುವುದು, ತೊಳೆಯುವುದು ಎಲ್ಲ.

ಅಲ್ಲಿ ಬದುಕುಳಿದವರು ತಿಂದದ್ದರಲ್ಲಿ ಕಾಡಿನ ಹಲಸಿನ ಜಾತಿಯ ಕಾಯಿಯೂ ಒಂದು. ನಮ್ಮ ಕರಾವಳಿಯವರು ದೀವಿಹಲಸು, ಜೀಗುಜ್ಜೆ ಎನ್ನುವುದರ ಹತ್ತಿರದ ನೆಂಟ. ನಾವು ಪೋಡಿ ಕರಿಯುವ ಕಾಯಿಯ ಬಳಗದ್ದೇ ಒಂದು ಅಷ್ಟು ದೂರದಲ್ಲಿ ಮಕ್ಕಳ ಜೀವ ಹಿಡಿದಿಟ್ಟಿತು ಎಂಬುದನ್ನು ಓದಿದಾಗಿನಿಂದ ನನಗೆ ಆ ಕಣಿವೆ ದೂರದ್ದೆನಿಸುವುದಿಲ್ಲ.

ಜನ ತಿರುಗಿ ಬೀಳಲಿಲ್ಲವೇ?

ಬಿದ್ದರು. ದಕ್ಷಿಣ ತುದಿಯ ಮೆರಿಜೊ ಗ್ರಾಮದಲ್ಲಿ ಜುಲೈ 15 ಮತ್ತು 16ರಂದು ಜಪಾನಿ ಸೈನಿಕರು ಊರಿನ ಪ್ರಮುಖರನ್ನು, ಗಟ್ಟಿಮುಟ್ಟಾದವರನ್ನು ಆರಿಸಿ ಟಿಂಟಾ ಮತ್ತು ಫಾಹಾ ಎಂಬಲ್ಲಿ ಕೊಂದರು. ಟಿಂಟಾದ ಗುಹೆಯೊಳಗೆ ಗ್ರೆನೇಡ್ ಎಸೆದು, ಉಳಿದವರನ್ನು ಬಯೋನೆಟ್‌ನಿಂದ ಇರಿದರು. ಹದಿನಾರು ಜನ ಸತ್ತರು. ಹೆಣಗಳ ಅಡಿಯಲ್ಲಿ ಉಸಿರು ಬಿಗಿಹಿಡಿದು ಮಲಗಿದ ಕೆಲವರು ಬದುಕಿದರು. ಫಾಹಾದಲ್ಲಿ ಮೂವತ್ತು ಜನ. ಅಲ್ಲಿ ಒಬ್ಬರೂ ಉಳಿಯಲಿಲ್ಲ.

ಉಳಿದ ಊರಿನವರಿಗೆ ಮುಂದಿನ ಸರದಿ ತಮ್ಮದೆಂದು ತಿಳಿಯಿತು. ಜುಲೈ 20ರಂದು ಹೊಸೆ ಸೊರಿಯಾನೊ ರೆಯೆಸ್ ಮುಂದಾಳುತನದಲ್ಲಿ ಗಂಡಸರು ಅತಾತೆ ಎಂಬಲ್ಲಿ ಕಾವಲುಗಾರರ ಮೇಲೆ ಬಿದ್ದು ಅವರನ್ನು ಮುಗಿಸಿದರು. ಮರುದಿನ ಅಮೆರಿಕದ ಪಡೆ ದ್ವೀಪದ ದಡಕ್ಕಿಳಿಯಿತು. ಮೆರಿಜೊ ತನ್ನನ್ನು ತಾನೇ ಬಿಡಿಸಿಕೊಂಡ ಊರು. ಬಿಡುಗಡೆಯೆಂದರೆ ಹೊರಗಿನವರು ತಂದುಕೊಟ್ಟದ್ದು ಎಂದು ಬರೆಯುವವರು ಈ ಒಂದು ದಿನವನ್ನು ಬಿಟ್ಟುಬಿಡುತ್ತಾರೆ, ಅದು ನ್ಯಾಯವಲ್ಲ.

ಗುವಾಮ್ ಮತ್ತು ಸೈಪಾನಿನ ಚಮೋರೊಗಳ ನಡುವೆ ಮುನಿಸು ಏಕೆ?

ಸೈಪಾನ್, ರೋಟಾ ದ್ವೀಪಗಳು ಮೊದಲ ಮಹಾಯುದ್ಧದ ಕಾಲದಿಂದಲೂ ಜಪಾನಿನ ಕೈಯಲ್ಲಿದ್ದವು. ಅಲ್ಲಿನ ಚಮೋರೊಗಳು ಜಪಾನಿ ಶಾಲೆಯಲ್ಲಿ ಕಲಿತವರು. ಅವರನ್ನು ಗುವಾಮ್‌ಗೆ ದುಭಾಷಿಗಳಾಗಿ ಕರೆತಂದರು. ವಿಚಾರಣೆಯ ಕೋಣೆಯಲ್ಲಿ ಏಟು ತಿನ್ನುವವನಿಗೆ ಪ್ರಶ್ನೆ ಕೇಳಿಸುತ್ತಿದ್ದದ್ದು ಅವನದೇ ಮಾತೃಭಾಷೆಯಲ್ಲಿ. ಆ ಗಾಯ ಮಾಯಲು ತಡವಾಯಿತು. 1969ರಲ್ಲಿ ಉತ್ತರದ ದ್ವೀಪಗಳ ಜೊತೆ ಒಂದಾಗಬೇಕೇ ಎಂಬ ಮತದಾನ ನಡೆದಾಗ ಗುವಾಮ್ ಬೇಡವೆಂದಿತು. ಒಂದೇ ಭಾಷೆ, ಒಂದೇ ರಕ್ತದ ಜನ ಇಂದಿಗೂ ಎರಡು ಬೇರೆ ಆಡಳಿತಗಳಲ್ಲಿ ಇದ್ದಾರೆ.

ಜುಲೈ 21 ಅಲ್ಲಿ ಬಿಡುಗಡೆಯ ದಿನ. ಹಾಗಿದ್ದರೂ ಅಮೆರಿಕದ ಸೇನೆಯ ಬಗ್ಗೆ ಅಸಮಾಧಾನ ಏಕೆ?

ಈ ಪ್ರಶ್ನೆಗೆ ಉತ್ತರಿಸಲೆಂದೇ ಈ ಪುಟ ಬರೆದದ್ದು.

ಬಿಡುಗಡೆ ನಿಜ. ಅದರ ಸಂತೋಷವೂ ನಿಜ. 1944ರ ಜುಲೈ 21ರಂದು ಅಸಾನ್ ಮತ್ತು ಅಗಾತ್ ಕಡಲತೀರಗಳಲ್ಲಿ ಇಳಿದ ಸೈನಿಕರನ್ನು ಕಂಡು ಅತ್ತವರ ಕಣ್ಣೀರು ನಿಜ. ಪ್ರತಿ ವರ್ಷ ಮೆರವಣಿಗೆ ನಡೆಯುತ್ತದೆ. ಆದರೆ ಅಂದು ಬಿಡಿಸಲು ಬಂದ ಸೇನೆ ಮನೆಗೆ ಹಿಂದಿರುಗಲಿಲ್ಲ. ಜಪಾನಿನ ಮೇಲೆ ದಾಳಿ ಮಾಡಲು ಗುವಾಮ್ ಅನ್ನು ನೆಲೆಯಾಗಿಸಿತು. 1945ರ ಹೊತ್ತಿಗೆ ಆ ಪುಟ್ಟ ದ್ವೀಪದ ಮೇಲೆ ಎರಡು ಲಕ್ಷದಷ್ಟು ಅಮೆರಿಕನ್ ಸೈನಿಕರಿದ್ದರು. ಅವರಿಗೆ ವಿಮಾನ ನಿಲ್ದಾಣ, ಉಗ್ರಾಣ, ರಸ್ತೆ, ಬಂದರು ಬೇಕಾಯಿತು. ಚಪ್ಪಟೆಯಾದ, ನೀರಿರುವ, ಕೃಷಿಗೆ ಒಳ್ಳೆಯದಾದ ನೆಲವೇ ಸೇನೆಗೂ ಬೇಕಾದ ನೆಲ. ಕಾಗದಕ್ಕೆ ಸಹಿ ಹಾಕಿ ಎಂದು ಸಮವಸ್ತ್ರದವನು ಮನೆ ಬಾಗಿಲಿಗೆ ಬಂದಾಗ, ನಿನ್ನೆಯಷ್ಟೇ ಜೀವ ಉಳಿಸಿದವನಿಗೆ ಇಲ್ಲ ಎನ್ನಲು ಯಾರ ಬಾಯಿ ಬಂದೀತು? ಕೊಟ್ಟ ಬೆಲೆ ಅತ್ಯಲ್ಪ. ಓದಲು ಬಾರದ ಭಾಷೆಯಲ್ಲಿದ್ದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರೂ ಇದ್ದರು.

ಇಂದಿಗೂ ದ್ವೀಪದ ಕಾಲುಭಾಗಕ್ಕಿಂತ ಹೆಚ್ಚು ನೆಲ ಸೇನೆಯ ವಶದಲ್ಲಿದೆ. 1986ರಲ್ಲಿ ಭೂಮಿ ಕಳೆದುಕೊಂಡವರ ಮೊಕದ್ದಮೆ ಸುಮಾರು 3 ಕೋಟಿ 95 ಲಕ್ಷ ಡಾಲರ್‌ಗೆ ರಾಜಿಯಾಯಿತು. ಹಣ ಬಂತು, ಹೊಲ ಬರಲಿಲ್ಲ.

ರಾಜಧಾನಿಯ ಕಥೆಯೂ ಇಂಥದ್ದೇ. ಹಗಾತ್ನಾ ನಗರ ಅಮೆರಿಕದ ಬಾಂಬುಗಳಿಂದಲೇ ನೆಲಸಮವಾಯಿತು. ಆಮೇಲೆ ಬುಲ್ಡೋಜರ್ ಬಂದು ಅವಶೇಷಗಳನ್ನು ಕಡಲಿಗೆ ತಳ್ಳಿತು, ಹೊಸ ನಕ್ಷೆ ಹಾಸಿತು. ಹಳೆಯ ಜಾಗದ ಗಡಿಗಳೇ ಸಿಗದೆ ಜನ ಹಿಂದಿರುಗಲಾಗಲಿಲ್ಲ. ಯುದ್ಧಕ್ಕೆ ಮೊದಲು ಸುಮಾರು ಹತ್ತು ಸಾವಿರ ಜನರಿದ್ದ ಆ ಊರಿನಲ್ಲಿ ಈಗ ಒಂದು ಸಾವಿರವೂ ಇಲ್ಲ. ಹೆಸರಿಗೆ ರಾಜಧಾನಿ.

ಜಪಾನಿ ಆಳ್ವಿಕೆಯಲ್ಲಿ ನರಳಿದವರಿಗೆ ಪರಿಹಾರ ಸಿಕ್ಕಿತೇ?

ಬಹುಪಾಲು ಜನ ಸತ್ತ ಮೇಲೆ. 1945ರಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿತು, ಆದರೆ ಅರ್ಜಿಗೆ ಕೊಟ್ಟ ಗಡುವು ಒಂದೇ ವರ್ಷ. ಆಗ ಜನ ತಲೆಯ ಮೇಲೊಂದು ಸೂರು ಹೊಂದಿಸಿಕೊಳ್ಳುತ್ತಿದ್ದರು. ಎಷ್ಟೋ ಮಂದಿಗೆ ಸುದ್ದಿಯೇ ಮುಟ್ಟಲಿಲ್ಲ. 1951ರ ಸ್ಯಾನ್ ಫ್ರಾನ್ಸಿಸ್ಕೊ ಶಾಂತಿ ಒಪ್ಪಂದದಲ್ಲಿ ಅಮೆರಿಕ ತನ್ನ ಪ್ರಜೆಗಳ ಪರವಾಗಿ ಜಪಾನಿನಿಂದ ಪರಿಹಾರ ಕೇಳುವ ಹಕ್ಕನ್ನೇ ಬಿಟ್ಟುಕೊಟ್ಟಿತು. ಹಾಗಾಗಿ ಚಮೋರೊಗಳು ಟೋಕಿಯೊದ ಬಾಗಿಲು ತಟ್ಟುವಂತಿರಲಿಲ್ಲ, ವಾಷಿಂಗ್ಟನ್ನಿನ ಬಾಗಿಲನ್ನೇ ತಟ್ಟಬೇಕಾಯಿತು.

ಆ ಬಾಗಿಲು ತೆರೆದದ್ದು 2016ರ ಡಿಸೆಂಬರಿನಲ್ಲಿ, ಹೊಸ ಕಾಯ್ದೆ ಬಂದಾಗ. ಅತ್ಯಾಚಾರಕ್ಕೆ ಒಳಗಾದವರಿಗೆ, ತೀವ್ರವಾಗಿ ಗಾಯಗೊಂಡವರಿಗೆ 15 ಸಾವಿರ ಡಾಲರ್. ಬಲವಂತದ ದುಡಿಮೆಗೆ 12 ಸಾವಿರ. ಮನೆಂಗೊನ್‌ಗೆ ನಡೆದವರಿಗೆ, ಶಿಬಿರದಲ್ಲಿದ್ದವರಿಗೆ 10 ಸಾವಿರ. ಕೊಲೆಯಾದವರ ಹತ್ತಿರದ ಬಂಧುಗಳಿಗೆ 25 ಸಾವಿರ. ಹಣ ಕೈಸೇರಲು ಆರಂಭವಾದದ್ದು 2020ರಲ್ಲಿ. ಅಷ್ಟರಲ್ಲಿ ಘಟನೆ ನಡೆದು 76 ವರ್ಷ ಕಳೆದಿತ್ತು. ಇನ್ನೂ ಒಂದು ಮಾತು. ಆ ಹಣಕ್ಕೆ ಮೂಲ ಮಾಡಿದ್ದು ಗುವಾಮ್ ಸರ್ಕಾರಕ್ಕೆ ಹೇಗೂ ಬರಬೇಕಿದ್ದ ತೆರಿಗೆಯ ಪಾಲನ್ನು. ನೊಂದವರಿಗೆ ಕೊಟ್ಟದ್ದು ನೊಂದವರ ಊರಿನ ಬೊಕ್ಕಸದಿಂದಲೇ ಎಂದು ಅಲ್ಲಿನವರು ಸಿಟ್ಟಾಗುವುದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಗುವಾಮ್ ಕಾಡಿನಲ್ಲಿ ಹಕ್ಕಿಗಳೇ ಇಲ್ಲವಂತೆ, ಹೌದೇ?

ಹೆಚ್ಚುಕಡಿಮೆ ಹೌದು. ಇದೂ ಯುದ್ಧದ ಫಲವೇ.

ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ, ನ್ಯೂಗಿನಿ ಕಡೆಯ ದ್ವೀಪಗಳಿಂದ ಸೇನೆಯ ಸರಕು ಹೊತ್ತು ಬಂದ ಹಡಗಿನಲ್ಲಿ ಕಂದು ಬಣ್ಣದ ಮರದ ಹಾವೊಂದು ಬಂದು ಸೇರಿತು. ರಾತ್ರಿ ಓಡಾಡುವ, ಮರ ಏರುವ, ಮೊಟ್ಟೆ ಮರಿ ಎರಡನ್ನೂ ನುಂಗುವ ಹಾವು. ಗುವಾಮ್‌ನ ಹಕ್ಕಿಗಳು ಅಂಥ ವೈರಿಯನ್ನು ಕಂಡೇ ಇರಲಿಲ್ಲ. ವರ್ಷದಿಂದ ವರ್ಷಕ್ಕೆ ಕಾಡು ದಕ್ಷಿಣದಿಂದ ಉತ್ತರಕ್ಕೆ ಮೌನವಾಗುತ್ತ ಹೋಯಿತು. ಕೀಟನಾಶಕವೋ ರೋಗವೋ ಎಂದು ಎಲ್ಲರೂ ಹುಡುಕುತ್ತಿದ್ದಾಗ, ಹಾವೇ ಕಾರಣವೆಂದು 1980ರ ದಶಕದಲ್ಲಿ ತೋರಿಸಿಕೊಟ್ಟವರು ಜೂಲಿ ಸ್ಯಾವಿಜ್ ಎಂಬ ವಿಜ್ಞಾನಿ. ಕಾಡಿನ 12 ಜಾತಿಯ ಸ್ಥಳೀಯ ಹಕ್ಕಿಗಳಲ್ಲಿ 10 ಅಷ್ಟರಲ್ಲಿ ಹೋಗಿದ್ದವು ಅಥವಾ ಹೋಗುವುದರಲ್ಲಿದ್ದವು.

ಹಕ್ಕಿ ಹೋದರೆ ಹಕ್ಕಿಯೊಂದೇ ಹೋಗುವುದಿಲ್ಲ. ಹುಳ ಹಿಡಿಯುವವರಿಲ್ಲದೆ ಜೇಡಗಳು ಹೆಚ್ಚಿದವು. ಮಳೆಗಾಲದಲ್ಲಿ ಅಲ್ಲಿನ ಕಾಡಿನ ಜೇಡರ ಬಲೆಗಳು ಪಕ್ಕದ ದ್ವೀಪಗಳಿಗಿಂತ 40 ಪಟ್ಟು ಹೆಚ್ಚೆಂದು ಎಣಿಸಿ ನೋಡಿದವರು ಹೇಳಿದ್ದಾರೆ. ಹಣ್ಣು ತಿಂದು ಬೀಜ ಹರಡುವವರಿಲ್ಲದೆ ಬೀಜಗಳು ತಾಯಿಮರದ ಬುಡದಲ್ಲೇ ಬಿದ್ದು ಕೊಳೆಯುತ್ತವೆ. ಹಾವುಗಳು ವಿದ್ಯುತ್ ತಂತಿಗಳಿಗೆ ಸುತ್ತಿಕೊಂಡು ಊರಿಗೆ ಊರೇ ಕತ್ತಲಾದದ್ದೂ ಎಷ್ಟೋ ಬಾರಿ.

ಹಾವಿಗೆ ಮದ್ದು ಕಂಡುಕೊಂಡದ್ದು ನಮ್ಮ ಪ್ರತಿ ಮನೆಯಲ್ಲೂ ಇರುವ ಪ್ಯಾರಾಸಿಟಮಾಲ್. 80 ಮಿಲಿಗ್ರಾಂ ಸಾಕು, ಆ ಹಾವು ಸಾಯುತ್ತದೆ. 2013ರಲ್ಲಿ ಎರಡು ಸಾವಿರ ಸತ್ತ ಇಲಿಮರಿಗಳಿಗೆ ಗುಳಿಗೆ ಸೇರಿಸಿ, ಪುಟ್ಟ ಪ್ಯಾರಾಚೂಟ್ ಕಟ್ಟಿ ಹೆಲಿಕಾಪ್ಟರಿನಿಂದ ಮರಗಳ ಮೇಲೆ ಉದುರಿಸಿದರು. ಹಾವುಗಳು ಇನ್ನೂ ಇವೆ. ಆದರೆ ಕೋಕೋ ಎಂದು ಚಮೋರೊಗಳು ಕರೆಯುವ, ನೆಲದ ಮೇಲೆ ಓಡಾಡುವ ಹಕ್ಕಿಯನ್ನು ಗೂಡುಗಳಲ್ಲಿ ಸಾಕಿ, ಆಗ ಹಾವಿಲ್ಲದಿದ್ದ ರೋಟಾ ಮತ್ತು ಕೋಕೋಸ್ ದ್ವೀಪಗಳಲ್ಲಿ ಬಿಟ್ಟರು. ಅದು ಅಲ್ಲಿ ನೆಲೆಯೂರಿತು. ಸಿಹೆಕ್ ಎಂಬ ಮಿಂಚುಳ್ಳಿಯದು ಇನ್ನೂ ದೂರದ ಕಥೆ: 1980ರ ದಶಕದಲ್ಲಿ ಹಿಡಿದು ಅಮೆರಿಕದ ಮೃಗಾಲಯಗಳಿಗೆ ಒಯ್ದ 29 ಹಕ್ಕಿಗಳ ಸಂತಾನದಲ್ಲಿ ಒಂಬತ್ತನ್ನು 2024ರಲ್ಲಿ ಸಾವಿರಾರು ಕಿಲೋಮೀಟರ್ ಆಚೆಯ ಪಾಲ್ಮೈರಾ ಹವಳದ್ವೀಪದಲ್ಲಿ ಹಾರಿಬಿಟ್ಟರು. ತವರಿಗೆ ಬರಲು ಅವಕ್ಕೆ ಇನ್ನೂ ದಾರಿಯಿಲ್ಲ.

ಕಾಡಿನ ಮರಗಳೂ ಬದಲಾದವೇ?

ಬಾಂಬು ಬಿದ್ದು ಬೋಳಾದ ಗುಡ್ಡಗಳಲ್ಲಿ ಮಣ್ಣು ಕೊಚ್ಚಿಹೋಗದಿರಲೆಂದು ಯುದ್ಧದ ನಂತರ ಒಂದು ಗಿಡದ ಬೀಜ ಎರಚಿದರು. ಅಲ್ಲಿ ಅದರ ಹೆಸರು ತಂಗನ್‌ತಂಗನ್. ನಮ್ಮ ರೈತರಿಗೆ ಅದು ಚೆನ್ನಾಗಿ ಗೊತ್ತು: ಸುಬಾಬುಲ್. ಹೊಲದ ಬದುವಿನಲ್ಲಿ ಒಮ್ಮೆ ಬೇರೂರಿದರೆ ಅದನ್ನು ತೆಗೆಯುವ ಪಾಡು ಬಲ್ಲವರು ಇಡೀ ದ್ವೀಪವನ್ನು ಊಹಿಸಿಕೊಳ್ಳಬಹುದು. ಅದರ ನೆರಳಿನಲ್ಲಿ ಸ್ಥಳೀಯ ಮರಗಳು ಮೇಲೇಳುವುದು ಕಷ್ಟ.

ನೆಲ, ನೀರು ಕಲುಷಿತವಾಗಿವೆ ಎನ್ನುತ್ತಾರಲ್ಲ?

ಸಿಡಿಯದೆ ಉಳಿದ ಬಾಂಬುಗಳು ಮನೆಯ ಅಡಿಪಾಯ ತೋಡುವಾಗ ಇಂದಿಗೂ ಸಿಗುತ್ತವೆ. ಒರ್ಡೊಟ್ ಎಂಬಲ್ಲಿ ನೌಕಾಪಡೆ 1940ರ ದಶಕದಲ್ಲಿ ಆರಂಭಿಸಿದ ಕಸದ ಗುಡ್ಡೆಯಿಂದ ವಿಷ ನದಿಗೆ ಇಳಿಯುತ್ತಿತ್ತು. ಅದನ್ನು ಮುಚ್ಚುವ ಖರ್ಚು ಗುವಾಮ್ ತಲೆಗೆ ಬಂತು. ಅಮೆರಿಕ ಸರ್ಕಾರವೂ ಪಾಲು ಕೊಡಬೇಕೆಂದು ಹೂಡಿದ ದಾವೆ ಮುಂದುವರಿಯಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ಒಮ್ಮತದಿಂದ ಹೇಳಿತು.

28 ವರ್ಷ ಅಡಗಿದ್ದ ಜಪಾನಿ ಸೈನಿಕನ ಕಥೆ ನಿಜವೇ?

ನಿಜ. ಶೋಇಚಿ ಯೊಕೊಯ್. 1972ರ ಜನವರಿಯಲ್ಲಿ ತಲೊಫೊಫೊ ಹೊಳೆಯ ಹತ್ತಿರ ಸ್ಥಳೀಯರಿಬ್ಬರ ಕೈಗೆ ಸಿಕ್ಕಿದ. ಸೇನೆ ಸೇರುವ ಮುನ್ನ ದರ್ಜಿಯಾಗಿದ್ದವನು. ದಾಸವಾಳದ ಕುಟುಂಬಕ್ಕೆ ಸೇರಿದ ಪಾಗೊ ಮರದ ತೊಗಟೆಯ ನಾರು ತೆಗೆದು, ನೇಯ್ದು, ತನಗೆ ಬಟ್ಟೆ ಹೊಲಿದುಕೊಂಡಿದ್ದ. ಅಷ್ಟರಲ್ಲಿ ದ್ವೀಪಕ್ಕೆ ಜಪಾನಿನ ಪ್ರವಾಸಿಗಳು ಬರತೊಡಗಿ ಐದು ವರ್ಷ ಆಗಿತ್ತು. ನವದಂಪತಿಗಳು ಕಡಲತೀರದಲ್ಲಿ ಅಡ್ಡಾಡುತ್ತಿದ್ದಾಗ ಅವನು ನೆಲದಡಿಯ ಬಿಲದಲ್ಲಿದ್ದ.

ಚಮೋರೊ ಭಾಷೆಯ ಗತಿ ಏನಾಯಿತು?

ಅದನ್ನು ಒಬ್ಬರಲ್ಲ, ಅಮೆರಿಕ ಮತ್ತು ಜಪಾನ್ ಎಂಬ ಇಬ್ಬರು ಆಳುವವರು ತುಳಿದರು. ಅಮೆರಿಕದ ನೌಕಾಡಳಿತ 1917ರಲ್ಲೇ ಇಂಗ್ಲಿಷನ್ನು ಏಕೈಕ ಅಧಿಕೃತ ಭಾಷೆ ಮಾಡಿತ್ತು. ಶಾಲೆಯಲ್ಲಿ ಚಮೋರೊ ಮಾತಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಯುದ್ಧದ ನಂತರ ಕಾನೂನಿಗಿಂತ ಕೃತಜ್ಞತೆ ಹೆಚ್ಚು ಕೆಲಸ ಮಾಡಿತು. ನಮ್ಮನ್ನು ಉಳಿಸಿದವರ ಹಾಗೆ ನಮ್ಮ ಮಕ್ಕಳೂ ಆಗಲಿ ಎಂದು ತಂದೆತಾಯಿಯರು ಮನೆಯಲ್ಲೂ ಇಂಗ್ಲಿಷ್ ಆಡತೊಡಗಿದರು. ಹೀಗಾಗಿ ಅಜ್ಜಿಗೆ ಬರುವ ಭಾಷೆ ಮೊಮ್ಮಗಳಿಗೆ ಬರುವುದಿಲ್ಲ. 1970ರ ದಶಕದಲ್ಲಿ ಚಮೋರೊಗೆ ಇಂಗ್ಲಿಷಿನ ಜೊತೆ ಅಧಿಕೃತ ಸ್ಥಾನ ಸಿಕ್ಕಿತು, ಈಗ ಪುಟ್ಟ ಮಕ್ಕಳಿಗೆ ಇಡೀ ದಿನ ಚಮೋರೊದಲ್ಲೇ ಕಲಿಸುವ ಶಾಲೆಗಳೂ ಇವೆ. ಭಾಷೆ ಉಳಿಯುವುದು ಅಡುಗೆಮನೆಯಲ್ಲೋ ಕಚೇರಿಯಲ್ಲೋ ಎಂದು ವಾದಿಸುವ ಕನ್ನಡಿಗರಿಗೆ ಅವರ ಪಾಡು ಬೇಗ ಅರ್ಥವಾದೀತು.

ಸೇನೆಯಿಂದ ಲಾಭವೂ ಇದೆಯಲ್ಲವೇ?

ಇದೆ. ಕೆಲಸ, ಗುತ್ತಿಗೆ, ಪಿಂಚಣಿ, ವಿದ್ಯಾಭ್ಯಾಸ. ಗುವಾಮ್‌ನ ಯುವಕರು ಸೇನೆ ಸೇರುವ ಪ್ರಮಾಣ ಅಮೆರಿಕದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಒಂದೇ ಮನೆಯ ಗೋಡೆಯಲ್ಲಿ ಸಮವಸ್ತ್ರದ ಮಗನ ಫೋಟೊ ಇರುತ್ತದೆ, ಅದೇ ಮನೆಯ ಅಜ್ಜನ ಜಮೀನು ಸೇನೆಯ ಬೇಲಿಯೊಳಗೆ ಇರುತ್ತದೆ. ಇದನ್ನು ಕಪಟವೆಂದು ಕರೆಯುವವರಿಗೆ ಆ ಮನೆಯ ಬದುಕು ಗೊತ್ತಿಲ್ಲ. ಬಿಡುಗಡೆಗೆ ಕೃತಜ್ಞರಾಗಿರುವುದಕ್ಕೂ ನೆಲವನ್ನು ಹಿಂದಕ್ಕೆ ಕೇಳುವುದಕ್ಕೂ ವಿರೋಧವಿಲ್ಲ.

ಈಗ ಏನು ನಡೆಯುತ್ತಿದೆ?

ಜಪಾನಿನ ಒಕಿನಾವಾ ದ್ವೀಪದ ಜನರ ವಿರೋಧದಿಂದ ಅಲ್ಲಿದ್ದ ಅಮೆರಿಕದ ಮರೀನ್ ಪಡೆಯ ಒಂದು ಭಾಗವನ್ನು ಗುವಾಮ್‌ಗೆ ಸ್ಥಳಾಂತರಿಸಲು 2006ರಲ್ಲಿ ಅಮೆರಿಕ, ಜಪಾನ್ ಒಪ್ಪಿದವು. ಗುವಾಮ್ ಜನರ ಒಪ್ಪಿಗೆ ಕೇಳಲಿಲ್ಲ. ಆ ಪಡೆಗಾಗಿ ಉತ್ತರದಲ್ಲಿ ಕ್ಯಾಂಪ್ ಬ್ಲಾಸ್ ಎದ್ದಿತು. ಮೊದಲ ನೂರು ಮಂದಿ 2024ರ ಕೊನೆಯಲ್ಲಿ ಬಂದರು. ಗುಂಡು ಹಾರಿಸುವ ಅಭ್ಯಾಸಕ್ಕೆ ಮೊದಲು ಪಾಗತ್ ಎಂಬ ಪ್ರಾಚೀನ ಹಳ್ಳಿಯ ಜಾಗ ಗೊತ್ತುಮಾಡಿದ್ದರು. ಪೂರ್ವಜರ ಲತ್ತೆ ಕಲ್ಲುಗಂಬಗಳಿರುವ ಜಾಗವದು. ಜನ ಕೋರ್ಟಿಗೆ ಹೋದರು, ಸೇನೆ ಹಿಂದೆ ಸರಿಯಿತು. ಆದರೆ ಅಭ್ಯಾಸದ ಮೈದಾನ ಉತ್ತರದ ರಿತಿಡಿಯನ್ ಕಾಡಿನ ಪಕ್ಕಕ್ಕೆ ಹೋಯಿತು.

ಇನ್ನೊಂದೆಡೆ, ಅಮೆರಿಕದ ಜೊತೆ ಯಾವ ಸಂಬಂಧ ಬೇಕು ಎಂದು ಮೂಲನಿವಾಸಿಗಳು ಮತ ಹಾಕಿ ಹೇಳುವ ಪ್ರಯತ್ನಕ್ಕೂ ತಡೆ ಬಿದ್ದಿದೆ. ಹಾಗೆ ಮತದಾರರನ್ನು ವಿಂಗಡಿಸುವುದು ಅಮೆರಿಕದ ಸಂವಿಧಾನಕ್ಕೆ ವಿರುದ್ಧವೆಂದು 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಮರುವರ್ಷ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಗುವಾಮ್ 1946ರಿಂದಲೂ ಸ್ವಯಮಾಡಳಿತವಿಲ್ಲದ ಪ್ರದೇಶ.

ಸುಮಾಯ್ ಎಂಬ ಊರನ್ನು ಈಗ ನೋಡಬಹುದೇ?

ಒರೊಟೆ ಪರ್ಯಾಯದ್ವೀಪದಲ್ಲಿದ್ದ ಸುಮಾಯ್ ಯುದ್ಧಕ್ಕೆ ಮುಂಚೆ ಗುವಾಮ್‌ನ ಎರಡನೆಯ ದೊಡ್ಡ ಊರು. ಸಾಗರದಾಚೆಗೆ ಹೋಗುವ ತಂತಿಯ ಕಚೇರಿ ಅಲ್ಲಿತ್ತು. 1935ರಿಂದ ಪ್ಯಾನ್ ಅಮೆರಿಕನ್ ಕಂಪನಿಯ ನೀರಿನ ಮೇಲೆ ಇಳಿಯುವ ವಿಮಾನಗಳೂ ಬರುತ್ತಿದ್ದವು. 1941ರ ಡಿಸೆಂಬರ್ 8ರಂದು ಮೊದಲ ಬಾಂಬುಗಳು ಬಿದ್ದದ್ದು ಈ ಊರಿನ ಮೇಲೆ. ಜಪಾನಿಯರು ಜನರನ್ನು ಹೊರಹಾಕಿದರು. ಯುದ್ಧ ಗೆದ್ದ ಅಮೆರಿಕದ ನೌಕಾಪಡೆ ಅವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಬಂದರು ತನಗೇ ಬೇಕೆಂದಿತು. ಕಡಲ ಮೀನು ಹಿಡಿದು ಬದುಕಿದ ಊರಿನವರಿಗೆ ದೂರದ ಗುಡ್ಡದ ಓರೆಯಲ್ಲಿ ಸಾಂತಾ ರೀತಾ ಎಂಬ ಹೊಸ ಊರು ಕಟ್ಟಿಕೊಟ್ಟರು.

ಸುಮಾಯ್ ಇಂದು ನೌಕಾನೆಲೆಯ ಒಳಗಿದೆ. ಮನೆಗಳಿಲ್ಲ. ಇಗರ್ಜಿಯ ಶಿಲುಬೆ ಇದೆ, ಸ್ಮಶಾನ ಇದೆ. ಸಾಮಾನ್ಯ ಪ್ರವಾಸಿಗರಿಗೆ ಪ್ರವೇಶವಿಲ್ಲ. ವರ್ಷಕ್ಕೊಮ್ಮೆ, ಸುಮಾಯ್‌ಗೆ ಮರಳುವ ದಿನವೆಂದು, ಊರಿನ ಹಿರಿಯರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಸೇನೆಯ ಅನುಮತಿ ಪಡೆದು ಗೇಟು ದಾಟಿ ಹೋಗುತ್ತಾರೆ. ಗೋರಿಗಳಿಗೆ ಹೂವಿಡುತ್ತಾರೆ, ಪೂಜೆ ಮಾಡಿಸುತ್ತಾರೆ, ಇಲ್ಲಿ ನಮ್ಮ ಮನೆ ಇತ್ತು ಎಂದು ಹುಲ್ಲುಹಾಸಿನ ಕಡೆ ಕೈ ತೋರಿಸುತ್ತಾರೆ. ಹೊರಡುವ ಹೊತ್ತಾದಾಗ ಮತ್ತೆ ಅದೇ ಗೇಟಿನಿಂದ ಹೊರಗೆ ಬರುತ್ತಾರೆ.